ಮನೆಯಂಗಳದ ಕುಲುಮೆ: ಹವ್ಯಾಸದ ಖರ್ಚು, ಕಸುಬಿನ ಲೆಕ್ಕ

ಅಕ್ಕಸಾಲಿಗನ ನೂರು ಪೆಟ್ಟು, ಕಮ್ಮಾರನ ಒಂದು ಪೆಟ್ಟು ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಆದರೆ ಆ ಒಂದು ಪೆಟ್ಟನ್ನು ಕಣ್ಣಾರೆ ಕಂಡವರು ಈಗ ವಿರಳ. ಕಾರ್ಖಾನೆಯಲ್ಲಿ ತಯಾರಾದ ಕುಡುಗೋಲು, ಗುದ್ದಲಿಗಳು ಹಾರ್ಡ್‌ವೇರ್ ಅಂಗಡಿಗಳನ್ನು ತುಂಬಿದ ಮೇಲೆ ಹಳ್ಳಿಯ ಕುಲುಮೆಗಳು ಒಂದೊಂದಾಗಿ ಆರಿಹೋಗುತ್ತಿವೆ. ಇದಕ್ಕೆ ವ್ಯತಿರಿಕ್ತವಾದ ಬೆಳವಣಿಗೆಯೊಂದು ನಗರಗಳಲ್ಲಿ ಕಾಣತೊಡಗಿದೆ. ನಿವೃತ್ತ ಇಂಜಿನಿಯರುಗಳು, ವರ್ಕ್‌ಷಾಪ್ ಮಾಲೀಕರು, ತೋಟದ ಮನೆಯುಳ್ಳವರು, ಕಂಪ್ಯೂಟರ್ ಉದ್ಯೋಗದ ತರುಣರು ರಜಾ ದಿನಗಳಲ್ಲಿ ಕಬ್ಬಿಣ ಕಾಯಿಸಿ ಬಡಿಯುವುದನ್ನು ಹವ್ಯಾಸವಾಗಿ ಕೈಗೊಳ್ಳುತ್ತಿದ್ದಾರೆ. ಅಮೆರಿಕದಲ್ಲಿ ಈ ಹವ್ಯಾಸಕ್ಕೆ ಅರ್ಧ ಶತಮಾನದ ಇತಿಹಾಸವಿದೆ; ಅಲ್ಲಿನ ಕಲಾ ಕಮ್ಮಾರರ ಸಂಘ ಸ್ಥಾಪನೆಯಾದದ್ದು 1973ರಲ್ಲಿ. 2015ರಲ್ಲಿ ಆರಂಭವಾದ ‘ಫೋರ್ಜ್ಡ್ ಇನ್ ಫೈರ್’ ಎಂಬ ದೂರದರ್ಶನ ಸ್ಪರ್ಧೆ ಈ ಹವ್ಯಾಸವನ್ನು ಬಹು ಜನರ ಗಮನಕ್ಕೆ ತಂದಿತು.

ವಾಣಿಜ್ಯ ಸಂಸ್ಥೆಯ ಪತ್ರಿಕೆಗೆ ಈ ವಿಷಯ ಏಕೆ ಎಂದು ಸದಸ್ಯ ಬಾಂಧವರು ಕೇಳಬಹುದು. ಕಾರಣಗಳು ಎರಡು. ಹವ್ಯಾಸಿಗಳಲ್ಲಿ ಅನೇಕರು ನಮ್ಮಂತಹ ಸಣ್ಣ ಉದ್ದಿಮೆದಾರರೇ ಆಗಿದ್ದು, ಹವ್ಯಾಸದ ಖರ್ಚನ್ನು ವ್ಯವಹಾರದ ಲೆಕ್ಕದೊಡನೆ ಬೆರೆಸುವ ಸಂಭವ ಹೆಚ್ಚು. ಎರಡನೆಯದಾಗಿ, ಹವ್ಯಾಸಿಗಳಿಗೆ ಬೇಕಾದ ಸಾಮಗ್ರಿಗಳನ್ನು ಒದಗಿಸಬಲ್ಲವರೂ ನಾವೇ. ಈ ಲೇಖನದ ಒಟ್ಟು ತಾತ್ಪರ್ಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಉಪಕರಣಕ್ಕೆ ಹಾಕುವ ಹಣ ಕೈಯ ಕೌಶಲವನ್ನು ಹಿಂಬಾಲಿಸಬೇಕೇ ಹೊರತು ಅದಕ್ಕಿಂತ ಮುಂದೆ ಓಡಬಾರದು. ಆ ಕೌಶಲವಿರುವುದು ನಮ್ಮೂರಿನ ಕಮ್ಮಾರನ ಬಳಿ. ಆದ್ದರಿಂದ ಬಜೆಟ್ಟಿನಲ್ಲಿ ಅವನಿಗೂ ಒಂದು ಪಾಲು ಸಲ್ಲಬೇಕು.

ನಮ್ಮ ನೆಲದ ಉಕ್ಕು

ಉಕ್ಕು ನಮಗೆ ಹೊರಗಿನಿಂದ ಬಂದ ವಿದ್ಯೆಯಲ್ಲ. ದಕ್ಷಿಣ ಭಾರತದ ಮೂಸೆ ಉಕ್ಕಿಗೆ ಯುರೋಪಿಯನ್ನರು ಇಟ್ಟ ‘ವೂಟ್ಜ್’ ಎಂಬ ಹೆಸರು ‘ಉಕ್ಕು’ ಶಬ್ದದಿಂದಲೇ ಹುಟ್ಟಿತೆಂಬುದು ವಿದ್ವಾಂಸರಲ್ಲಿ ಬಹುಮಟ್ಟಿಗೆ ಒಪ್ಪಿತವಾದ ಅಭಿಪ್ರಾಯ. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಈ ಉಕ್ಕನ್ನು ಕುರಿತ ಪ್ರಬಂಧ ಮಂಡಿಸಿದರು. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಕಬ್ಬಿಣ ಮತ್ತು ಉಕ್ಕಿನ ತಯಾರಿಕೆಯನ್ನು ಕಣ್ಣಾರೆ ಕಂಡು ದಾಖಲಿಸಿದ್ದಾರೆ. ಮೈಕೇಲ್ ಫ್ಯಾರಡೆಯಂತಹ ವಿಜ್ಞಾನಿಯೂ ಇದರ ಗುಟ್ಟನ್ನು ಅರಿಯಲು ಪ್ರಯೋಗಗಳನ್ನು ನಡೆಸಿದರು. ಭದ್ರಾವತಿಯಲ್ಲಿ 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯ ಊದುಕುಲುಮೆಯೂ ಮೊದಲಿಗೆ ಉರಿದದ್ದು ಇದ್ದಿಲಿನಿಂದಲೇ. ಇಂತಹ ಪರಂಪರೆಯುಳ್ಳ ನಾಡಿನಲ್ಲಿ ಮನೆಯ ಕುಲುಮೆಗೆ ಬೇಕಾದ ಪ್ರತಿಯೊಂದನ್ನೂ ವಿದೇಶದಿಂದ ತರಿಸುವ ಅಗತ್ಯವಿಲ್ಲ.

ಮೊದಲ ವರ್ಷದ ಬಜೆಟ್: ಹತ್ತು ಪಾಲು

ಹವ್ಯಾಸಿ ಮೊದಲು ನಿರ್ಧರಿಸಬೇಕಾದದ್ದು ಒಟ್ಟು ಮೊತ್ತವನ್ನು. ಕಳೆದುಹೋದರೂ ಮನೆಯ ಸಂಸಾರಕ್ಕಾಗಲಿ, ಅಂಗಡಿಯ ದುಡಿಯುವ ಬಂಡವಾಳಕ್ಕಾಗಲಿ ತೊಂದರೆಯಾಗದಷ್ಟು ಹಣವನ್ನು ಮಾತ್ರ ತೆಗೆದಿಟ್ಟು ಅದನ್ನು ಹತ್ತು ಪಾಲು ಮಾಡುವುದು ಒಳ್ಳೆಯದು. ನನ್ನ ದೃಷ್ಟಿಯಲ್ಲಿ ಹಂಚಿಕೆ ಹೀಗಿರಬೇಕು:

1. ಅಡಿಗಲ್ಲು ಮತ್ತು ಅದರ ಪೀಠಕ್ಕೆ 3 ಪಾಲು.
2. ಕುಲುಮೆ ಮತ್ತು ಗಾಳಿಯ ವ್ಯವಸ್ಥೆಗೆ 2 ಪಾಲು.
3. ಸುತ್ತಿಗೆ, ಇಕ್ಕಳ, ಉಳಿ, ಅರಗಳಿಗೆ 1 ಪಾಲು.
4. ಕನ್ನಡಕ, ಏಪ್ರನ್, ಬೂಟು, ಬೆಂಕಿನಂದಕಗಳಿಗೆ 1 ಪಾಲು.
5. ಇಂಧನ ಮತ್ತು ಉಕ್ಕಿಗೆ 1 ಪಾಲು.
6. ಕಲಿಸುವ ಕಮ್ಮಾರನ ಸಂಭಾವನೆಗೆ 2 ಪಾಲು.

ಕೊನೆಯ ಬಾಬನ್ನು ಕಂಡು ಕೆಲವರಿಗೆ ಆಶ್ಚರ್ಯವಾಗಬಹುದು. ಆದರೆ ಬೆಲ್ಟ್ ಗ್ರೈಂಡರ್, ಪವರ್ ಹ್ಯಾಮರ್ ಮುಂತಾದ ಯಂತ್ರಗಳನ್ನು ಮೊದಲ ವರ್ಷವೇ ಕೊಂಡು ಮೂಲೆಗೆ ತಳ್ಳುವುದಕ್ಕಿಂತ ಈ ಎರಡು ಪಾಲು ಹೆಚ್ಚು ಫಲ ಕೊಡುತ್ತದೆ. ಯಂತ್ರಗಳ ವಿಚಾರವನ್ನು ಎರಡನೆಯ ವರ್ಷಕ್ಕೆ ಮುಂದೂಡುವುದೇ ಲೇಸು.

ಬೆಂಕಿ ಮತ್ತು ಗಾಳಿ

ಕುಲುಮೆಯೆಂದರೆ ತತ್ತ್ವತಃ ಮೂರೇ ಅಂಗಗಳು: ಇಂಧನ ಹಿಡಿದಿಡುವ ಒಲೆ, ಗಾಳಿ ಒಯ್ಯುವ ಕೊಳವೆ ಮತ್ತು ಗಾಳಿ ಊದುವ ಸಾಧನ. ಹಿಂದೆ ಚರ್ಮದ ತಿದಿ ಇದ್ದ ಸ್ಥಾನದಲ್ಲಿ ಈಗ ಕೈಯಿಂದ ತಿರುಗಿಸುವ ಬ್ಲೋವರ್ ಅಥವಾ ಸಣ್ಣ ವಿದ್ಯುತ್ ಬ್ಲೋವರ್ ಬಂದಿದೆ. ಹೊಸಬರಿಗೆ ಕೈ ಬ್ಲೋವರೇ ಉತ್ತಮ. ಕೈ ನಿಂತರೆ ಗಾಳಿಯೂ ನಿಲ್ಲುವುದರಿಂದ ಕಬ್ಬಿಣ ಸುಟ್ಟುಹೋಗುವ ಸಂಭವ ಕಡಿಮೆ. ವಿದ್ಯುತ್ ಬ್ಲೋವರ್ ಬಳಸುವವರು ಗಾಳಿಯನ್ನು ತಗ್ಗಿಸುವ ತಡೆಬಾಗಿಲನ್ನು ಅಳವಡಿಸಲೇಬೇಕು.

ಇಂಧನದಲ್ಲಿ ಆಯ್ಕೆ ಮೂರು ಬಗೆ. ಜಾಲಿ ಮರದ ಅಥವಾ ತೆಂಗಿನ ಚಿಪ್ಪಿನ ಇದ್ದಿಲಿನಲ್ಲಿ ಗಂಧಕದ ಕಾಟವಿಲ್ಲ, ಬೆಂಕಿ ಶುದ್ಧ. ಆದರೆ ಬೇಗ ಉರಿದುಹೋಗುತ್ತದೆ, ಕಿಡಿಯೂ ಹೆಚ್ಚು. ಕಲ್ಲಿದ್ದಲು ಹೆಚ್ಚು ಹೊತ್ತು ಬಾಳುತ್ತದೆ. ಆದರೆ ಅದರ ಹೊಗೆ ವಠಾರಕ್ಕೆ ಸಲ್ಲದು. ಮೂರನೆಯದು ಅಡುಗೆ ಅನಿಲದ ಕುಲುಮೆ. ಉಕ್ಕಿನ ಡ್ರಮ್ಮಿನೊಳಗೆ ಸೆರಾಮಿಕ್ ಉಣ್ಣೆಯನ್ನು ಹೊದಿಸಿ, ಮೇಲೆ ಅಗ್ನಿನಿರೋಧಕ ಲೇಪ ಬಳಿದು ಬರ್ನರ್ ಕೂಡಿಸಿದರೆ ಸಿದ್ಧವಾಗುತ್ತದೆ. ಲೇಪವಿಲ್ಲದ ಸೆರಾಮಿಕ್ ಉಣ್ಣೆಯ ನಾರು ಶ್ವಾಸಕೋಶಕ್ಕೆ ಹಾನಿಕರ. ಲೇಪದ ಖರ್ಚನ್ನು ಉಳಿಸಲು ಹೋಗಬಾರದು. ಹೊಗೆಯಿಲ್ಲದ ಕಾರಣ ನಗರವಾಸಿಗಳಿಗೆ ಇದು ಅನುಕೂಲಕರ. ಇಲ್ಲೊಂದು ಕಾನೂನಿನ ಅಂಶವನ್ನು ಮರೆಯಬಾರದು. 14.2 ಕೆ.ಜಿ.ಯ ಗೃಹಬಳಕೆಯ ಸಿಲಿಂಡರ್ ಅಡುಗೆಗಾಗಿ ಮಾತ್ರ. ಕುಲುಮೆಗೆ 19 ಕೆ.ಜಿ.ಯ ವಾಣಿಜ್ಯ ಸಿಲಿಂಡರನ್ನೇ ಬಿಲ್ ಸಹಿತ ಪಡೆಯಬೇಕು.

ಅಡಿಗಲ್ಲು: ಬಿಲ್ ಇಲ್ಲದ ರೈಲು ಕಂಬಿ ಬೇಡ

ಹವ್ಯಾಸಿಯ ಹಣ ಹೆಚ್ಚಾಗಿ ಪೋಲಾಗುವುದು ಅಡಿಗಲ್ಲಿನಲ್ಲಿ. ಅಂಗಡಿಯಲ್ಲಿ ‘ಆ್ಯನ್ವಿಲ್’ ಎಂದು ಮಾರುವ ಕೊಂಬುಳ್ಳ ಪೀಠಗಳಲ್ಲಿ ಕೆಲವು ಬರಿಯ ಬೀಡು ಕಬ್ಬಿಣದವು. ಬೀಡು ಪೆಟ್ಟಿಗೆ ಸಿಡಿಯುತ್ತದೆ, ತಗ್ಗು ಬೀಳುತ್ತದೆ, ಪೆಟ್ಟಿನ ಶಕ್ತಿಯನ್ನು ನುಂಗಿಹಾಕುತ್ತದೆ. ಪರೀಕ್ಷೆ ಸರಳ. ಬೇರಿಂಗಿನ ಉಕ್ಕಿನ ಗುಂಡೊಂದನ್ನು ಒಂದು ಅಡಿ ಎತ್ತರದಿಂದ ಪೀಠದ ಮೇಲೆ ಬಿಟ್ಟು ನೋಡಬೇಕು. ಒಳ್ಳೆಯ ಉಕ್ಕಿನ ಪೀಠವಾದರೆ ಗುಂಡು ಅರ್ಧಕ್ಕಿಂತ ಬಹಳ ಮೇಲೆ ಪುಟಿಯುತ್ತದೆ. ಬೀಡಿನ ಮೇಲಾದರೆ ಸೊರಗಿ ನಿಲ್ಲುತ್ತದೆ.

ಕೊಂಬಿನ ಅಡಿಗಲ್ಲು ಆರಂಭದಲ್ಲಿ ಅನಿವಾರ್ಯವೂ ಅಲ್ಲ. ನಮ್ಮ ಹಳ್ಳಿಯ ಕಮ್ಮಾರರು ಚೌಕಾಕಾರದ ಸಣ್ಣ ಉಕ್ಕಿನ ಗಟ್ಟಿಯನ್ನು ಮರದ ಬೊಡ್ಡೆಯಲ್ಲಿ ಹೂತು ತಲೆಮಾರುಗಳ ಕಾಲ ಕೆಲಸ ಮಾಡಿದ್ದಾರೆ. ಉಕ್ಕಿನ ಮಳಿಗೆಯಲ್ಲಿ 100 ಮಿ.ಮೀ. ವ್ಯಾಸದ ಇಎನ್-8 ದುಂಡು ಸರಳಿನ 400 ಮಿ.ಮೀ. ಉದ್ದದ ತುಂಡು ಕೊಂಡರೆ ಅದರ ತೂಕ ಸುಮಾರು 25 ಕೆ.ಜಿ. ಅದನ್ನು ನೆಟ್ಟಗೆ ನಿಲ್ಲಿಸಿ ಬೊಡ್ಡೆಯಲ್ಲಿ ಬಿಗಿದರೆ ಒಂದು ಕೆ.ಜಿ. ಸುತ್ತಿಗೆಯ ಕೆಲಸಕ್ಕೆ ಸಾಕು. ಪೆಟ್ಟಿನ ಕೆಳಗೆ ನೇರವಾಗಿ ಎಷ್ಟು ಉಕ್ಕಿದೆ ಎಂಬುದು ಮುಖ್ಯ. ಆಕಾರ ಆಮೇಲಿನ ಮಾತು. ಎತ್ತರದ ಅಳತೆ ಹೀಗೆ: ನೇರವಾಗಿ ನಿಂತು ಕೈ ಇಳಿಬಿಟ್ಟು ಮುಷ್ಟಿ ಕಟ್ಟಿದಾಗ ಬೆರಳ ಗೆಣ್ಣು ಪೀಠದ ಮೇಲ್ಮೈಯನ್ನು ಮುಟ್ಟಬೇಕು. ಇದಕ್ಕಿಂತ ತಗ್ಗಾದರೆ ಬೆನ್ನು, ಎತ್ತರವಾದರೆ ಭುಜ ನೋಯುತ್ತದೆ.

ರೈಲು ಕಂಬಿಯ ತುಂಡು ಅಡಿಗಲ್ಲಿಗೆ ಸೊಗಸಾಗಿ ಒದಗುತ್ತದೆಂಬುದು ನಿಜ. ಆದರೆ ಗುಜರಿ ಅಂಗಡಿಯಿಂದ ಬಿಲ್ ಇಲ್ಲದೆ ಅದನ್ನು ತರುವುದು ಅಪಾಯಕರ. ರೈಲ್ವೆ ಸ್ವತ್ತಿನ ಅಕ್ರಮ ಸ್ವಾಧೀನ ಕಾಯಿದೆ, 1966ರ ಪ್ರಕಾರ, ಕಳವಿನದೆಂದು ಸಕಾರಣವಾಗಿ ಸಂಶಯಿಸಬಹುದಾದ ರೈಲ್ವೆ ಸ್ವತ್ತು ಯಾರ ಬಳಿ ಸಿಕ್ಕಿತೋ, ಅದು ತನಗೆ ನ್ಯಾಯವಾಗಿ ಬಂದದ್ದೆಂದು ತೋರಿಸುವ ಹೊಣೆ ಅವರದೇ. ಮೊದಲ ಅಪರಾಧಕ್ಕೇ ಐದು ವರ್ಷದವರೆಗೆ ಸೆರೆವಾಸ ವಿಧಿಸಲು ಅವಕಾಶವಿದೆ. ರೈಲ್ವೆಯ ಹರಾಜಿನಲ್ಲಿ ಕೊಂಡವರಿಂದ ಇನ್‌ವಾಯ್ಸ್ ಸಹಿತ ಪಡೆಯುವುದಾದರೆ ಸರಿ. ಇಲ್ಲವಾದರೆ ಇಎನ್-8 ತುಂಡೇ ಅಗ್ಗ.

ಸುತ್ತಿಗೆ ಮತ್ತು ಇಕ್ಕಳ

800 ಗ್ರಾಮಿನಿಂದ 1 ಕೆ.ಜಿ. ತೂಕದ ಒಂದು ಸುತ್ತಿಗೆ ಮೊದಲ ವರ್ಷಕ್ಕೆ ಸಾಕು. ಅದರ ಮುಖದ ಅಂಚುಗಳನ್ನು ಉಜ್ಜಿ ನಯಗೊಳಿಸಿಕೊಳ್ಳಬೇಕು. ಚೂಪಾದ ಅಂಚು ಪ್ರತಿ ಪೆಟ್ಟಿಗೂ ಕೆಲಸದ ಮೇಲೆ ಗಾಯ ಮಾಡುತ್ತದೆ. ಕಾದ ಕಬ್ಬಿಣವನ್ನು ಸಡಿಲವಾಗಿ ಹಿಡಿಯುವ ಇಕ್ಕಳದಷ್ಟು ಅಪಾಯಕಾರಿ ವಸ್ತು ಕುಲುಮೆಯಲ್ಲಿ ಬೇರೊಂದಿಲ್ಲ. ಎರಡು ಜೊತೆ ಇಕ್ಕಳಗಳನ್ನು ಊರಿನ ಕಮ್ಮಾರನಿಂದಲೇ ಮಾಡಿಸಿ, ಮೂರನೆಯದನ್ನು ಅವನ ಎದುರಿನಲ್ಲಿ ತಾನೇ ಮಾಡುವುದು ಒಳ್ಳೆಯ ಪಾಠ. ಈ ಕಸುಬಿನ ವಿಶೇಷವೆಂದರೆ, ಬೇಕಾದ ಉಪಕರಣಗಳಲ್ಲಿ ಬಹುಪಾಲನ್ನು ಕುಲುಮೆಯೇ ತಯಾರಿಸಿಕೊಡುತ್ತದೆ. ಗೋಡೆಯ ಕೊಕ್ಕೆ, ಬೆಂಕಿ ಕೆದಕುವ ಸಲಾಕೆ, ಉಳಿ, ಇಕ್ಕಳ, ಕಳೆ ಕೀಳುವ ಕುರ್ಪಿ ಎಂಬ ಕ್ರಮದಲ್ಲಿ ಕಲಿತವನಿಗೆ ಹಣ ಉಳಿಯುತ್ತದೆ, ಕೈಯೂ ಪಳಗುತ್ತದೆ. ಚಾಕು ಮಾಡುವ ಆತುರ ಕೂಡದು.

ಯಾವ ಉಕ್ಕು, ಯಾವ ಹದ

ಸಾಮಾನ್ಯ ಕಟ್ಟಡ ಕೆಲಸದ ಮೆದು ಉಕ್ಕಿನಲ್ಲಿ ಇಂಗಾಲದ ಅಂಶ ಶೇ. 0.25ರ ಒಳಗೆ. ಇದು ಸುಲಭವಾಗಿ ಬಾಗುತ್ತದೆ, ಆದರೆ ನೀರಿನಲ್ಲಿ ಅದ್ದಿದರೂ ಗಟ್ಟಿಯಾಗುವುದಿಲ್ಲ. ಕೊಕ್ಕೆ, ಜಾಲರಿ, ಬಾಗಿಲ ಚಿಲಕಗಳಿಗೆ ಇದೇ ಸರಿ. ಅಂಚು ನಿಲ್ಲಬೇಕಾದ ಕುಡುಗೋಲು, ಕತ್ತಿಗಳಿಗೆ ಇಂಗಾಲ ಹೆಚ್ಚಿರಬೇಕು. ಲಾರಿಯ ಕಮಾನು ಪಟ್ಟಿಯ ಉಕ್ಕಿನಲ್ಲಿ ಅದು ಶೇ. 0.5ರಿಂದ 0.6ರಷ್ಟಿದ್ದು, ನಮ್ಮ ಕಮ್ಮಾರರ ಮೆಚ್ಚಿನ ಕಚ್ಚಾವಸ್ತುವಾಗಿದೆ. ಬೇರಿಂಗಿನ ಇಎನ್-31 ಉಕ್ಕಿನಲ್ಲಿ ಇಂಗಾಲ ಸುಮಾರು ಶೇ. 1, ಅದು ಪಳಗಿದ ಕೈಗೆ ಮಾತ್ರ.

ಹದ ಕೊಡುವುದು ಎರಡು ಹಂತದ ಕೆಲಸ. ಉಕ್ಕು ಸುಮಾರು 770 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಅದಕ್ಕಿಂತ ಮೇಲೆ, ಆಯಾ ಉಕ್ಕಿಗೆ ತಕ್ಕಷ್ಟು ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಗಾಜಿನಂತೆ ಗಟ್ಟಿಯೂ ಭಿದುರವೂ ಆಗುತ್ತದೆ. ಬಳಿಕ ಮೇಲ್ಮೈಯನ್ನು ಉಜ್ಜಿ ಬೆಳ್ಳಗೆ ಮಾಡಿ ನಿಧಾನವಾಗಿ ಮತ್ತೆ ಬಿಸಿ ಮಾಡಬೇಕು. ಸುಮಾರು 220-230 ಡಿಗ್ರಿಗೆ ತಿಳಿ ಹುಲ್ಲಿನ ಬಣ್ಣ, 260ರ ಹತ್ತಿರ ಕಂದು, 300ಕ್ಕೆ ನೀಲಿ ಕಾಣುತ್ತದೆ. ಕತ್ತಿಯ ಅಂಚಿಗೆ ಹುಲ್ಲಿನ ಬಣ್ಣ, ಪೆಟ್ಟು ತಿನ್ನುವ ಉಳಿಗೆ ನೇರಳೆ, ಬಾಗಿ ಮರಳಬೇಕಾದ ಸ್ಪ್ರಿಂಗಿಗೆ ನೀಲಿ ಎಂಬುದು ರೂಢಿ. ಈ ಬಣ್ಣಗಳನ್ನು ಪುಸ್ತಕದಿಂದ ಓದಬಹುದು. ಆದರೆ ಯಾವ ಕ್ಷಣದಲ್ಲಿ ಬೆಂಕಿಯಿಂದ ತೆಗೆಯಬೇಕೆಂಬುದನ್ನು ಹತ್ತಾರು ವರ್ಷ ನೋಡಿದ ಕಣ್ಣೇ ತೋರಿಸಿಕೊಡಬೇಕು.

ಸುರಕ್ಷತೆ ಮತ್ತು ನೆರೆಹೊರೆ

ಈ ಬಾಬಿನಲ್ಲಿ ರಿಯಾಯಿತಿ ಇಲ್ಲ. ಸತುವಿನ ಲೇಪವುಳ್ಳ ಜಿ.ಐ. ಪೈಪು, ತಗಡುಗಳನ್ನು ಕುಲುಮೆಗೆ ಹಾಕಕೂಡದು. ಅದರ ಹೊಗೆಯಿಂದ ಚಳಿಜ್ವರದಂತಹ ಕಾಯಿಲೆ ಬರುತ್ತದೆ. ಮುಚ್ಚಿದ ಕೋಣೆಯಲ್ಲಿ ಕುಲುಮೆ ಉರಿಸಿದರೆ ಬಣ್ಣ, ವಾಸನೆಗಳಿಲ್ಲದ ಕಾರ್ಬನ್ ಮೊನಾಕ್ಸೈಡ್ ಸೇರಿಕೊಂಡು ಪ್ರಾಣಕ್ಕೆ ಎರವಾಗಬಹುದು. ಮೂರು ಕಡೆ ತೆರೆದ ಶೆಡ್ಡು, ಮಣ್ಣಿನ ನೆಲ, ಹತ್ತಿರದಲ್ಲಿ ಮರಳಿನ ಬಕೆಟ್ಟು, ಹತ್ತಿ ಬಟ್ಟೆ, ಚರ್ಮದ ಬೂಟು ಇವು ಕನಿಷ್ಠ ಅಗತ್ಯಗಳು. ನೈಲಾನ್ ಅಂಗಿ ಕಿಡಿ ಬಿದ್ದೊಡನೆ ಕರಗಿ ಮೈಗೆ ಅಂಟುತ್ತದೆ.

ಶಬ್ದದ ವಿಚಾರವೂ ಉಂಟು. ಶಬ್ದಮಾಲಿನ್ಯ ನಿಯಮಗಳು, 2000ರಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿಯಿದೆ. ರಾತ್ರಿಯೆಂದರೆ 10 ಗಂಟೆಯಿಂದ ಬೆಳಗಿನ 6ರವರೆಗೆ. ಅಡಿಗಲ್ಲಿನ ನಾದ ಈ ಮಿತಿಯನ್ನು ಸುಲಭವಾಗಿ ಮೀರುತ್ತದೆ. ಪೀಠಕ್ಕೆ ಸರಪಳಿ ಸುತ್ತುವುದು, ಬೊಡ್ಡೆಯ ಕೆಳಗೆ ಮರಳು ತುಂಬುವುದು, ನೆರೆಯವರೊಡನೆ ಮುಂಚಿತವಾಗಿ ಮಾತನಾಡಿಕೊಳ್ಳುವುದು ಕ್ಷೇಮ. ಮನೆಯ ಅಗ್ನಿವಿಮೆಯುಳ್ಳವರು ಕುಲುಮೆಯ ಸಂಗತಿಯನ್ನು ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿರಬೇಕು. ಮುಚ್ಚಿಟ್ಟ ಸಂಗತಿ ಕ್ಲೇಮಿನ ದಿನ ಹೊರಬರುತ್ತದೆ.

ಹವ್ಯಾಸ ಕಸುಬಾಗುವ ಘಟ್ಟ

ಈಗ ನಮ್ಮ ಲೆಕ್ಕದ ಪುಸ್ತಕಕ್ಕೆ ಬರೋಣ. ಹವ್ಯಾಸದ ಉಪಕರಣಗಳನ್ನು ಸಂಸ್ಥೆಯ ಹೆಸರಿನಲ್ಲಿ ಕೊಂಡು ಜಿಎಸ್‌ಟಿ ಹೂಡುವಳಿ ತೆರಿಗೆಯ ಜಮೆ ಪಡೆಯುವುದು ಸಲ್ಲದು. ಸ್ವಂತ ಬಳಕೆಯ ಸರಕಿಗೆ ಆ ಜಮೆಯನ್ನು ಕಾಯಿದೆಯ 17(5)ನೆಯ ಕಲಮು ನಿರ್ಬಂಧಿಸಿದೆ. ಕಾರ್ಖಾನೆಯ ದಾಸ್ತಾನಿನಿಂದ ಸರಳೊಂದನ್ನು ಮನೆಗೆ ಒಯ್ದರೂ ಅದನ್ನು ಮಾಲೀಕನ ಡ್ರಾಯಿಂಗ್ಸ್ ಖಾತೆಗೆ ಖರ್ಚು ಬರೆದು, ಪಡೆದಿದ್ದ ಜಮೆಯನ್ನು ಹಿಂದಿರುಗಿಸಬೇಕು. ಹವ್ಯಾಸದ ಯಂತ್ರಕ್ಕೆ ಸವಕಳಿಯನ್ನೂ ಕೇಳುವಂತಿಲ್ಲ.

ಸ್ನೇಹಿತರಿಗೆ ಒಂದೆರಡು ಕತ್ತಿ ಮಾಡಿಕೊಡುವುದು ಬೇರೆ. ಕ್ರಮವಾಗಿ ಆರ್ಡರ್ ಹಿಡಿದು ಲಾಭಕ್ಕೆ ಮಾರುವುದು ಬೇರೆ. ಎರಡನೆಯದು ವ್ಯವಹಾರ. ಅದರ ಲಾಭ ಎಷ್ಟೇ ಚಿಕ್ಕದಾದರೂ ಆದಾಯ ತೆರಿಗೆ ವಿವರಪಟ್ಟಿಯಲ್ಲಿ ತೋರಿಸತಕ್ಕದ್ದು. ಜಿಎಸ್‌ಟಿಯಲ್ಲಿ, ಕೇವಲ ಸರಕು ಮಾರುವವರಿಗೆ ಕರ್ನಾಟಕದಲ್ಲಿ ವಾರ್ಷಿಕ 40 ಲಕ್ಷ ರೂಪಾಯಿ ವಹಿವಾಟಿನವರೆಗೆ ನೋಂದಣಿ ಕಡ್ಡಾಯವಲ್ಲ. ಆದರೆ ವಾರಾಂತ್ಯದ ತರಬೇತಿ ನಡೆಸಿ ಶುಲ್ಕ ಪಡೆದರೆ ಸೇವೆಯೂ ಸೇರುವುದರಿಂದ ಮಿತಿ 20 ಲಕ್ಷಕ್ಕೆ ಇಳಿಯುತ್ತದೆ. ತೆರಿಗೆಗೆ ಒಳಪಟ್ಟ ಸರಕನ್ನು ಹೊರರಾಜ್ಯಕ್ಕೆ ಮಾರುವುದಾದರೆ ಸಾಮಾನ್ಯವಾಗಿ ಮೊದಲ ರೂಪಾಯಿಯಿಂದಲೇ ನೋಂದಣಿ ಬೇಕು. ಗುದ್ದಲಿ, ಕುಡುಗೋಲು, ಕೊಡಲಿ ಮುಂತಾದ ಕೃಷಿಯ ಕೈ ಉಪಕರಣಗಳಿಗೆ ತೆರಿಗೆ ವಿನಾಯಿತಿಯಿದೆ. ಅಡುಗೆಮನೆಯ ಚಾಕುವಿಗೆ ಇಲ್ಲ. ಹೀಗಾಗಿ ಒಂದೇ ಕುಲುಮೆಯಿಂದ ಹೊರಬಂದ ಎರಡು ವಸ್ತುಗಳಿಗೆ ಎರಡು ಲೆಕ್ಕ. ನೋಂದಾಯಿತ ಘಟಕಗಳು ನೋಂದಣಿಯಿಲ್ಲದವರಿಂದ ಲೋಹದ ಗುಜರಿ ಕೊಂಡರೆ 2024ರ ಅಕ್ಟೋಬರ್ 10ರಿಂದ ಕೊಂಡವರೇ ತೆರಿಗೆ ಕಟ್ಟಬೇಕಾಗಿದೆ ಎಂಬುದನ್ನೂ ನೆನಪಿಡಬೇಕು.

ಇನ್ನೊಂದು ಎಚ್ಚರಿಕೆ. ಗೃಹಕೃತ್ಯ, ಕೃಷಿ, ಕೈಗಾರಿಕೆಗಾಗಿ ರೂಪಿಸಿದ ಹರಿತ ಸಾಧನಗಳನ್ನು ಬಿಟ್ಟು, 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗುಳ್ಳ ಆಯುಧಗಳು ಶಸ್ತ್ರಾಸ್ತ್ರ ನಿಯಮಗಳ ವ್ಯಾಪ್ತಿಗೆ ಬರುತ್ತವೆ. ಖಡ್ಗ, ಬಾಕುಗಳ ಆರ್ಡರ್ ಒಪ್ಪುವ ಮೊದಲು ವಕೀಲರನ್ನು ವಿಚಾರಿಸುವುದು ಅಗತ್ಯ.

ವರ್ತಕರಿಗೆ, ಉತ್ಪಾದಕರಿಗೆ ಅವಕಾಶ

ಹವ್ಯಾಸಿ ಗ್ರಾಹಕನ ದೊಡ್ಡ ತೊಂದರೆಯೆಂದರೆ ಚಿಲ್ಲರೆ ಪ್ರಮಾಣದಲ್ಲಿ ಗುರುತುಳ್ಳ ಉಕ್ಕು ಸಿಗದಿರುವುದು. ಮಳಿಗೆಯವರು ಪೂರ್ಣ ಸರಳನ್ನು ಮಾರಬಯಸುತ್ತಾರೆ. ಅವನಿಗೆ ಬೇಕಾದದ್ದು ಒಂದು ಮೀಟರ್. ಕತ್ತರಿಸಿ ಉಳಿದ ತುಂಡುಗಳನ್ನು ಗುಜರಿಯ ದರಕ್ಕೆ ತೂಗಿ ಕೊಡುವ ಬದಲು, ದರ್ಜೆಯ ಬಣ್ಣ ಬಳಿದು, ತಪಾಸಣಾ ಪತ್ರದ ನಕಲಿನೊಡನೆ ಪ್ರತ್ಯೇಕ ಕಪಾಟಿನಲ್ಲಿಟ್ಟರೆ ಒಳ್ಳೆಯ ದರ ಬರುವುದರಲ್ಲಿ ಸಂಶಯವಿಲ್ಲ. ಬೆಳಗಾವಿಯ ಫೌಂಡ್ರಿಗಳಂತಹ ಎರಕದ ಕೇಂದ್ರಗಳು ನಮ್ಮ ರಾಜ್ಯದಲ್ಲಿಯೇ ಇವೆ. ಎರಕದ ಉಕ್ಕಿನಲ್ಲಿ 30 ರಿಂದ 50 ಕೆ.ಜಿ.ಯ ಪ್ರಾಮಾಣಿಕ ಅಡಿಗಲ್ಲನ್ನು, ಗಡಸುತನದ ಅಂಕಿಯನ್ನು ಮುದ್ರಿಸಿ ಮಾರುವವರಿಗೆ ಸ್ಥಳವಿದೆ. ಗ್ಯಾಸ್ ಬರ್ನರ್, ಕೈ ಬ್ಲೋವರ್, ಬೆಲ್ಟ್ ಗ್ರೈಂಡರ್‌ಗಳು ಸಣ್ಣ ವರ್ಕ್‌ಷಾಪಿನ ಕೈಗೆಟುಕುವ ಉತ್ಪನ್ನಗಳೇ. ಆದರೆ ಇದು ಕಿರಿದಾದ ಮಾರುಕಟ್ಟೆ. ಮುಂಗಡ ಆರ್ಡರಿನ ಮೇಲೆ ಆರಂಭಿಸಿ, ದಾಸ್ತಾನು ಬೆಳೆಸದೆ ನಡೆಸುವುದು ವಿವೇಕ.

ಕಮ್ಮಾರನ ಪಾಲು

ಕೊನೆಯದಾಗಿ, ಬಜೆಟ್ಟಿನ ಆ ಎರಡು ಪಾಲಿನ ವಿಚಾರ. ಊರಿನ ಕಮ್ಮಾರರನ್ನು ಭಾನುವಾರ ಕರೆಸಿ, ಉಪಚರಿಸಿ, ಪುಕ್ಕಟೆಯಾಗಿ ಪಾಠ ಹೇಳಿಸಿಕೊಂಡು ಕಳುಹಿಸುವುದು ಧರ್ಮವಲ್ಲ. ನಾವು ಸಲಹೆಗೆ ಶುಲ್ಕ ಪಡೆಯುವವರು; ಅವರ ವಿದ್ಯೆಗೂ ಗಂಟೆಯ ಲೆಕ್ಕದಲ್ಲಿ ಶುಲ್ಕ ಕೊಡಬೇಕು. ದಿನವೊಂದಕ್ಕೆ ಅವರ ಕುಲುಮೆ ಗಳಿಸುವುದಕ್ಕಿಂತ ಕಡಿಮೆಯಾಗದಂತೆ ಅದು ಇರತಕ್ಕದ್ದು. ಮಗನು ಈ ಕಸುಬಿನಲ್ಲಿ ಮುಂದುವರಿಯಬೇಕೇ ಎಂದು ಯೋಚಿಸುತ್ತಿರುವ ಕಮ್ಮಾರನ ಮನೆಗೆ ಕಲಿಸುವುದರಿಂದಲೂ ಆದಾಯವುಂಟೆಂದು ಗೊತ್ತಾದರೆ ನಿರ್ಧಾರ ಬದಲಾಗಬಹುದು.

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಒಂದು. ನೋಂದಾಯಿತ ಕುಶಲಕರ್ಮಿಗೆ ತರಬೇತಿಯ ದಿನಗಳಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಗಳಿಗೆ 15,000 ರೂಪಾಯಿವರೆಗಿನ ಇ-ವೋಚರ್, ಶೇ. 5ರ ಬಡ್ಡಿಯಲ್ಲಿ ಜಾಮೀನುರಹಿತವಾಗಿ ಮೊದಲು 1 ಲಕ್ಷ, ಬಳಿಕ 2 ಲಕ್ಷ ರೂಪಾಯಿವರೆಗಿನ ಸಾಲ ಅದರಲ್ಲಿ ಸೇರಿವೆ. ಸ್ವಂತ ದುಡಿಮೆಯಾಗಿ ಕಸುಬು ನಡೆಸುವವರಿಗಷ್ಟೇ ಇದು ಸಲ್ಲುತ್ತದೆ. ಹವ್ಯಾಸಿಗೆ ಇದರಲ್ಲಿ ಹಕ್ಕಿಲ್ಲ. ಆದರೆ ಹವ್ಯಾಸಿಯಾದ ಉದ್ದಿಮೆದಾರ ಮಾಡಬಹುದಾದ ಕೆಲಸವೊಂದಿದೆ. ತನಗೆ ಕಲಿಸಿದ ಕಮ್ಮಾರನ ಬ್ಯಾಂಕ್ ಖಾತೆ, ಉದ್ಯಮ್ ನೋಂದಣಿ, ಸಾಲದ ಕಾಗದಪತ್ರಗಳನ್ನು ಸರಿಪಡಿಸಿಕೊಡುವುದು. ಉದ್ಯಮ್ ನೋಂದಣಿಗೆ ಸರ್ಕಾರಿ ಶುಲ್ಕವಿಲ್ಲ. ಅರ್ಧ ಗಂಟೆಯ ಕೆಲಸ. ನೋಂದಾಯಿತ ಕಿರು ಉತ್ಪಾದಕನಿಗೆ ಖರೀದಿದಾರರು ಗರಿಷ್ಠ 45 ದಿನಗಳೊಳಗೆ ಹಣ ಸಂದಾಯ ಮಾಡಬೇಕೆಂಬ ಕಾನೂನಿನ ರಕ್ಷಣೆಯೂ ಅವನಿಗೆ ದೊರೆಯುತ್ತದೆ.

ಕುಲುಮೆ ಹೂಡಲು ಬಯಸುವ ಸದಸ್ಯರು ಮುಂದಿನ ಆಯುಧಪೂಜೆಗೆ ಮೊದಲು ಮೂರು ಕೆಲಸ ಮಾಡಿದರೆ ಸಾಕು: ಮೊತ್ತವನ್ನು ನಿಗದಿಪಡಿಸುವುದು, ಪ್ರತಿ ಖರೀದಿಗೂ ಸ್ವಂತ ಹೆಸರಿನಲ್ಲಿ ಬಿಲ್ ಪಡೆಯುವುದು, ಹತ್ತಿರದಲ್ಲಿ ಇನ್ನೂ ಆರದ ಕುಲುಮೆ ಯಾವುದೆಂದು ಹುಡುಕಿ ಅಲ್ಲಿಗೆ ಹೋಗುವುದು. ಮೊದಲ ಎರಡರಿಂದ ಹಣ ಉಳಿಯುತ್ತದೆ. ಮೂರನೆಯದರಿಂದ ಒಂದು ವಿದ್ಯೆ ಉಳಿಯಲು ಸಾಧ್ಯ.